ಕರೋಕೆ ಸಂಜೆಗೆ ತಯಾರಿ: ಶ್ರುತಿಯಿಂದ ಮೈಕಿನವರೆಗೆ

ದಾವಣಗೆರೆಯಲ್ಲಿ ಈಗ ಕರೋಕೆಗೆ ದೊಡ್ಡ ನೆಪ ಬೇಕಿಲ್ಲ. ಹುಟ್ಟುಹಬ್ಬ, ಬೀಳ್ಕೊಡುಗೆ, ಗಣಪತಿ ಪೆಂಡಾಲು, ನವೆಂಬರ್ ಬಂದರೆ ರಾಜ್ಯೋತ್ಸವ. ಒಂದು ಸ್ಪೀಕರ್, ಎರಡು ಮೈಕು, ಒಂದು ಮೊಬೈಲ್ ಇದ್ದರೆ ವಿದ್ಯಾನಗರದ ಟೆರೇಸಿನ ಮೇಲೂ ನಿಟುವಳ್ಳಿಯ ಅಂಗಳದಲ್ಲೂ ಕಾರ್ಯಕ್ರಮ ಶುರು. ಮೊದಲಾದರೆ ರಸಮಂಜರಿ ಅಂದರೆ ಕೀಬೋರ್ಡ್, ತಬಲ, ರಿದಂ ಪ್ಯಾಡ್ ಹೊತ್ತುಕೊಂಡು ಒಂದು ತಂಡವೇ ಬರಬೇಕಿತ್ತು.

ಆ ತಂಡಕ್ಕೂ ಕರೋಕೆಯ ಟ್ರ್ಯಾಕಿಗೂ, ಅಂದರೆ ಗಾಯಕರ ದನಿ ಇಲ್ಲದೆ ಬರೀ ವಾದ್ಯ ಇರುವ ರೆಕಾರ್ಡಿಗೂ, ಒಂದು ವ್ಯತ್ಯಾಸ ಇದೆ. ತಂಡದವರು ಹಾಡುವವರ ಮುಖ ನೋಡಿಕೊಂಡು ನುಡಿಸುತ್ತಾರೆ. ನೀವು ಒಂದು ಸಾಲು ಬೇಗ ಎತ್ತಿಕೊಂಡರೆ ಅವರೂ ಹೇಗೋ ಸೇರಿಕೊಳ್ಳುತ್ತಾರೆ. ಶ್ರುತಿ ಜಾಸ್ತಿ ಆಯ್ತು ಅಂತ ಕೈಸನ್ನೆ ಮಾಡಿದರೆ ಕೀಬೋರ್ಡಿನವರು ಒಂದು ಗುಂಡಿ ಒತ್ತಿ ಇಳಿಸುತ್ತಾರೆ. ಟ್ರ್ಯಾಕ್ ಯಾರ ಮುಖವನ್ನೂ ನೋಡುವುದಿಲ್ಲ. ಹಾಗಾಗಿ ಆ ಕೀಬೋರ್ಡಿನವರು ಮಾಡುತ್ತಿದ್ದ ಕೆಲಸವನ್ನು ನೀವೇ ಮನೆಯಲ್ಲಿ ಮೊದಲೇ ಮುಗಿಸಿಕೊಂಡು ಹೋಗಬೇಕು. ಕರೋಕೆಯಲ್ಲಿ ಹಾಡು ಕೆಡುವುದು ಹೆಚ್ಚಾಗಿ ದನಿ ಚೆನ್ನಾಗಿಲ್ಲ ಅಂತಲ್ಲ, ತಮ್ಮದಲ್ಲದ ಶ್ರುತಿಯಲ್ಲಿ ಹಾಡುವುದರಿಂದ.

ಕರೋಕೆಯ ಹುಟ್ಟಿನಲ್ಲೇ ಈ ಮಾತು ಇದೆ. ಜಪಾನಿನ ಕೋಬೆ ನಗರದ ಡೈಸುಕೆ ಇನೌಯೆ ಅನ್ನುವವರು ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದರು. ಒಬ್ಬ ಗಿರಾಕಿ, ನನ್ನ ದನಿ ನಿನಗೆ ಗೊತ್ತು, ನಮ್ಮ ಕಂಪನಿ ಪ್ರವಾಸಕ್ಕೆ ಜೊತೆಗೆ ಬಾ ಅಂತ ಕರೆದರು. ಇವರಿಗೆ ಹೋಗಲು ಆಗಲಿಲ್ಲ. ಆ ಗಿರಾಕಿಯ ದನಿಗೆ ಹೊಂದುವ ಹಾಗೆ ವಾದ್ಯವನ್ನಷ್ಟೇ ಟೇಪಿಗೆ ನುಡಿಸಿ ಕೊಟ್ಟರು. ಅದರಿಂದಲೇ 1971ರಲ್ಲಿ ಯಂತ್ರ ಬಂತು. ಅವರು ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಳ್ಳಲಿಲ್ಲ. ಅಂದರೆ ಆ ಮೊದಲ ಟ್ರ್ಯಾಕ್ ಒಬ್ಬರ ಗಂಟಲು ನೋಡಿ ಮಾಡಿದ್ದು. ಮೂಲ ಗಾಯಕರ ಶ್ರುತಿಯಲ್ಲೇ ಹಾಡಬೇಕು ಅನ್ನುವ ಹಟ ಆಮೇಲೆ ನಾವು ಸೇರಿಸಿಕೊಂಡಿದ್ದು.

ನಿಮ್ಮ ಗಂಟಲಿನ ಅಳತೆ ತೆಗೆಯಿರಿ

ಇದಕ್ಕೆ ಸಂಗೀತ ಕಲಿತಿರಬೇಕು ಅಂತೇನೂ ಇಲ್ಲ. ಮೊಬೈಲಿನಲ್ಲಿ ಒಂದು ಪಿಯಾನೊ ಆ್ಯಪ್ ಹಾಕಿಕೊಳ್ಳಿ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಇನ್ನೂ ಒಳ್ಳೆಯದು. ಎದ್ದ ತಕ್ಷಣ ಮಾತ್ರ ಬೇಡ. ಬೆಳಿಗ್ಗೆ ದನಿ ಕೆಳಗೆ ಇಳಿದಿರುತ್ತದೆ, ಅಳತೆ ತಪ್ಪುತ್ತದೆ. ಕಾರ್ಯಕ್ರಮ ಸಂಜೆ ಇದ್ದರೆ ಸಂಜೆಯೇ ಅಳೆಯಿರಿ.

ನಡುವಿನ ಒಂದು ಸ್ವರ ಒತ್ತಿ, ಅದಕ್ಕೆ ಸರಿಯಾಗಿ 'ಆ' ಅನ್ನಿ. ಒಂದೊಂದೇ ಮನೆ (ಕಪ್ಪೋ ಬಿಳಿಯೋ ಪಕ್ಕದ ಗುಂಡಿ) ಕೆಳಗೆ ಇಳಿಯುತ್ತಾ ಹೋಗಿ. ದನಿ ಬರೀ ಗಾಳಿಯಾಗುವ ಮೊದಲು ಕೊನೆಯದಾಗಿ ಸ್ಪಷ್ಟವಾಗಿ ಬಂದ ಸ್ವರವನ್ನು ಬರೆದುಕೊಳ್ಳಿ. ಈಗ ಮೇಲೆ ಹತ್ತಿ. ಕತ್ತಿನ ನರ ಉಬ್ಬದೆ, ಗದ್ದ ಮೇಲೆ ಏಳದೆ ಬರುವ ಕೊನೆಯ ಸ್ವರವೇ ನಿಮ್ಮ ಮೇಲಿನ ಗಡಿ. ಕಿರುಚಿದರೆ ಇನ್ನೂ ಎರಡು ಸ್ವರ ಸಿಗಬಹುದು, ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಗಡಿಗಿಂತ ಒಂದೆರಡು ಸ್ವರ ಕೆಳಗೇ ಹಾಡಿನ ತುದಿ ಇರಲಿ. ಜನರ ಮುಂದೆ ನಿಂತಾಗ ಎದೆಬಡಿತ ಏರಿ, ಉಸಿರು ಮೇಲೆ ಮೇಲೆ ಓಡಿ, ಮನೆಯಲ್ಲಿ ಸುಲಭವಾಗಿ ಬಂದ ತುದಿಸ್ವರ ಅಲ್ಲಿ ಕೈಕೊಡುತ್ತದೆ.

ಹಾರ್ಮೋನಿಯಂ ಬಲ್ಲವರು ಬಿಳಿ ಒಂದು, ಕಪ್ಪು ಒಂದು ಅನ್ನುವುದನ್ನೇ ಆ್ಯಪ್‌ಗಳು ಸಿ, ಸಿ ಶಾರ್ಪ್ ಅಂತ ತೋರಿಸುತ್ತವೆ. ಸಾಮಾನ್ಯವಾಗಿ ಗಂಡಸರ ಷಡ್ಜ (ಸರಿಗಮದ 'ಸ') ಬಿಳಿ ಒಂದರಿಂದ ಬಿಳಿ ಎರಡರ ಆಸುಪಾಸು, ಹೆಂಗಸರದ್ದು ಬಿಳಿ ಐದರ ಆಸುಪಾಸು ಇರುತ್ತದೆ. ಇದು ಬರೀ ಅಂದಾಜು. ನಿಮ್ಮ ಅಳತೆ ಬೇರೆ ಬಂದರೆ ಗಾಬರಿ ಬೇಡ.

ಹಾಡನ್ನು ಚರಣದಿಂದ ಆರಿಸಿ

ನಾವು ಹಾಡನ್ನು ಮೆಚ್ಚುವುದು ಪಲ್ಲವಿ ಕೇಳಿ. ಸ್ನಾನದ ಮನೆಯಲ್ಲಿ ಗುನುಗುವುದೂ ಪಲ್ಲವಿಯನ್ನೇ. ಆದರೆ ಸಿನಿಮಾ ಹಾಡುಗಳಲ್ಲಿ ದನಿ ಏರುವುದು ಹೆಚ್ಚಾಗಿ ಚರಣದಲ್ಲಿ, ಅದರಲ್ಲೂ ಚರಣದ ಮೂರನೇ ನಾಲ್ಕನೇ ಸಾಲಿನಲ್ಲಿ. ಪಲ್ಲವಿಯನ್ನು ಅಚ್ಚುಕಟ್ಟಾಗಿ ಹಾಡಿ ಚಪ್ಪಾಳೆ ತೆಗೆದುಕೊಂಡವರು ಒಂದು ನಿಮಿಷ ಬಿಟ್ಟು ಕಣ್ಣು ಮುಚ್ಚಿ ಕಿರುಚುವುದನ್ನು ಯಾವ ಕರೋಕೆ ಸಂಜೆಗೆ ಹೋದರೂ ನೋಡಬಹುದು. ಹಾಗಾಗಿ ಹಾಡು ಹಿಡಿಸಿದ ಕೂಡಲೇ ನೇರವಾಗಿ ಚರಣಕ್ಕೆ ಹೋಗಿ. ಅತಿ ಎತ್ತರದ ಅಕ್ಷರ ಯಾವುದು ಅಂತ ಹುಡುಕಿ, ಪಿಯಾನೊ ಆ್ಯಪ್‌ನಲ್ಲಿ ಒತ್ತಿ ನೋಡಿ. ನಿಮ್ಮ ಗಡಿಯ ಒಳಗಿದ್ದರೆ ಹಾಡು ನಿಮ್ಮದು. ಎರಡು ಮೂರು ಮನೆ ಮೇಲಿದ್ದರೆ ಶ್ರುತಿ ಇಳಿಸಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಹಾಡು ಬದಲಿಸಿ, ಬೇಜಾರು ಮಾಡಿಕೊಳ್ಳಬೇಡಿ.

ಕೆಳಗಿನ ತುದಿಯನ್ನೂ ನೋಡಲೇಬೇಕು. ಮೇಲೆ ಹತ್ತಲು ಆಗದೆ ಶ್ರುತಿ ಇಳಿಸಿದಾಗ ಪಲ್ಲವಿಯ ಮಂದ್ರದ (ಕೆಳದನಿಯ) ಸಾಲುಗಳು ಹೊಟ್ಟೆಯೊಳಗೆ ಇಳಿದು ಮಾಯವಾಗುತ್ತವೆ. ಅಂಥ ಹಾಡು ಕೆಳಗೂ ಮೇಲೂ ಬಹಳ ಹರಡಿಕೊಂಡಿರುತ್ತದೆ. ಅನುಭವ ಇಲ್ಲದವರು ಅದನ್ನು ಬಿಡುವುದೇ ಸರಿ.

ಇನ್ನು ಯಾವ ಗಾಯಕರ ಹಾಡು? ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು. ಪಿ.ಬಿ. ಶ್ರೀನಿವಾಸ್ ಅವರ ಹಾಡುಗಳು ಮೆತ್ತಗೆ ಕೇಳುವುದರಿಂದ ಸುಲಭ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಎತ್ತರ ಕಡಿಮೆ, ನಿಜ. ಆದರೆ ಮೆಲುದನಿಯಲ್ಲಿ ಶ್ರುತಿ ಕೂರಿಸುವುದು ಕಷ್ಟ, ಸಣ್ಣ ತಪ್ಪೂ ಎದ್ದು ಕಾಣುತ್ತದೆ. ರಾಜ್‌ಕುಮಾರ್ ಹಾಡುಗಳಲ್ಲಿ ಜನ ಕಾಯುವುದು ಉಚ್ಚಾರಕ್ಕೆ. ಅಲ್ಲಿ ಒಂದು ಮಹಾಪ್ರಾಣ ಜಾರಿದರೂ ಹಿಂದಿನ ಸಾಲಿನ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಎಸ್‌ಪಿಬಿ ಅವರ ಹಾಡುಗಳಲ್ಲಿ ರಾಗ ಕಷ್ಟ ಅನ್ನಿಸುವುದಿಲ್ಲ, ಆದರೆ ಅವರ ಉಸಿರು ನಮಗಿಲ್ಲ. ಅವರು ಒಂದೇ ಉಸಿರಿನಲ್ಲಿ ಹೇಳಿ, ನಡುವೆ ನಕ್ಕು, ಮತ್ತೆ ತಾಳಕ್ಕೆ ಬರುತ್ತಾರೆ. ಆ ನಗುವನ್ನು ನಕಲು ಮಾಡಬೇಡಿ. ಎಸ್. ಜಾನಕಿ, ಶ್ರೇಯಾ ಘೋಷಾಲ್ ಅವರ ಹಾಡುಗಳಲ್ಲಿ ಸಣ್ಣ ಸಣ್ಣ ಸಂಗತಿಗಳು, ಅಂದರೆ ರಾಗದ ಸುತ್ತು ಬಳುಕುಗಳು ತುಂಬಾ. ಎಲ್ಲವನ್ನೂ ಹಾಕಲು ಹೋಗುವುದಕ್ಕಿಂತ ನೇರವಾಗಿ, ಶುದ್ಧವಾಗಿ ಹಾಡುವುದು ಲೇಸು. ಹೊಸಬರಿಗೆ ನಾನು ಹೇಳುವುದು ಭಾವಗೀತೆ ಅಥವಾ ಜನಪದ. ರಾಗದ ಹರವು ಕಡಿಮೆ ಇರುವುದು ಹುಡುಕಿದರೆ ಸಿಗುತ್ತದೆ, ಜನಪದಕ್ಕಂತೂ ಕೂತವರೇ ಚಪ್ಪಾಳೆಯ ತಾಳ ಹಾಕುತ್ತಾರೆ.

ನಮ್ಮ ಕಡೆಯವರ ಎರಡು ಅಭ್ಯಾಸಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿ ಇಲ್ಲಿಯದೇ. ರಂಗಗೀತೆ ಅಂದರೆ ಕೊನೆಯ ಸಾಲಿಗೂ ಮುಟ್ಟುವ ಹಾಗೆ ತೆರೆದ ಗಂಟಲಲ್ಲಿ ಹಾಡುವುದು. ಆ ಗತ್ತು ಕೇಳಿ ಬೆಳೆದ ಮನೆಗಳಲ್ಲಿ ಇವತ್ತಿಗೂ ಜೋರಾಗಿ ಹಾಡುವುದೇ ಚೆನ್ನಾಗಿ ಹಾಡುವುದು ಅನ್ನುವ ನಂಬಿಕೆ ಇದೆ. ಕೈಯಲ್ಲಿ ಮೈಕ್ ಇರುವಾಗ ಅಷ್ಟು ಜೋರು ಬೇಡ. ಎರಡನೆಯದು ವಚನ ಗಾಯನ. ವಚನ ಹಾಡಿ ಅಭ್ಯಾಸ ಇರುವವರ ಉಚ್ಚಾರ ಚೆನ್ನಾಗಿರುತ್ತದೆ, ಶ್ರುತಿಯೂ ಗಟ್ಟಿ. ಆದರೆ ಭಾವ ಬಂದ ಕಡೆ ಎಳೆದು ನಿಲ್ಲುವುದು ಅಭ್ಯಾಸ. ತಬಲದವರು ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ.

ಒಂದಲ್ಲ, ಮೂರು ಹಾಡು ತಯಾರಿಡಿ. ಮೊದಲನೆಯದು ಕಣ್ಣು ಮುಚ್ಚಿ ಹಾಡಬಲ್ಲದ್ದು. ಎರಡನೆಯದು ಬೇರೆ ರಸದ್ದು: ಮೊದಲನೆಯದು ವಿರಹವಾದರೆ ಇದು ಕುಣಿಸುವಂಥದ್ದಾಗಲಿ. ಮೂರನೆಯದು ನಿಮ್ಮ ಹಾಡನ್ನು ಬೇರೆಯವರು ಹಾಡಿಬಿಟ್ಟರೆ ಬೇಕಾಗುವುದು. ಊರಿನ ಕಾರ್ಯಕ್ರಮಗಳಲ್ಲಿ ಜನಕ್ಕೆ ಪ್ರಿಯವಾದ ಹತ್ತು ಹದಿನೈದು ಹಾಡುಗಳೇ ಸುತ್ತುತ್ತಿರುತ್ತವೆ, ಹೀಗಾಗುವುದು ಮಾಮೂಲು.

ಟ್ರ್ಯಾಕ್ ಹುಡುಕಿ, ಶ್ರುತಿ ಹೊಂದಿಸಿ

ಒಂದೇ ಹಾಡಿಗೆ ಯೂಟ್ಯೂಬಿನಲ್ಲಿ ಹಲವು ಟ್ರ್ಯಾಕ್ ಸಿಗುತ್ತವೆ. ಮೊದಲು ಸಿಕ್ಕಿದ್ದನ್ನೇ ಹಿಡಿಯಬೇಡಿ. ಪೂರ್ತಿ ಕೇಳಿ. ಎರಡನೇ ಚರಣ ಇದೆಯಾ? ಕೋರಸ್ ದನಿ ಉಳಿಸಿದ್ದಾರಾ? ನಡುವಿನ ಬಿಜಿಎಂ (ಬರೀ ವಾದ್ಯ ನುಡಿಯುವ ಭಾಗ) ಮೂಲದಷ್ಟೇ ಉದ್ದ ಇದೆಯಾ, ಕತ್ತರಿಸಿದ್ದಾರಾ? ಕೆಲವು ಟ್ರ್ಯಾಕ್‌ಗಳಲ್ಲಿ ಹಾಡಿನ ರಾಗವನ್ನೇ ಕೊಳಲಿನಲ್ಲೋ ಕೀಬೋರ್ಡಿನಲ್ಲೋ ಮೆಲ್ಲಗೆ ನುಡಿಸಿರುತ್ತಾರೆ. ಕಲಿಯುವಾಗ ಅದು ಒಳ್ಳೆಯದು. ಮೂಲ ಹಾಡಿನಿಂದ ಗಾಯಕರ ದನಿಯನ್ನು ಆ್ಯಪ್ ಮೂಲಕ ತೆಗೆದ ಟ್ರ್ಯಾಕ್‌ಗಳೂ ಇವೆ. ಅವುಗಳಲ್ಲಿ ಹಿಂದೆ ಭೂತದ ಹಾಗೆ ದನಿಯ ಎಳೆ ಉಳಿದಿರಬಹುದು. ದೊಡ್ಡ ಸ್ಪೀಕರಿನಲ್ಲಿ ಅದು ಕಿರಿಕಿರಿ.

ಶ್ರುತಿ ಬದಲಿಸುವ ಲೆಕ್ಕ ಹೀಗೆ. ಒಂದು ಸ್ಥಾಯಿಯಲ್ಲಿ, ಅಂದರೆ ಒಂದು 'ಸ'ದಿಂದ ಮುಂದಿನ 'ಸ'ಕ್ಕೆ ಹೋಗಲು, ಕಪ್ಪು ಬಿಳಿ ಸೇರಿ 12 ಮನೆ. ಆ್ಯಪ್‌ನಲ್ಲಿ 'ಮೈನಸ್ 1' ಅಂದರೆ ಒಂದು ಮನೆ ಕೆಳಗೆ, 'ಮೈನಸ್ 2' ಅಂದರೆ ಎರಡು. ಕರೋಕೆ ಆ್ಯಪ್‌ಗಳು ಹೆಚ್ಚಿನವುಗಳಲ್ಲಿ ಈ ಸೌಲಭ್ಯ ಇದೆ. ಕಂಪ್ಯೂಟರ್ ಇದ್ದವರು ಆಡಾಸಿಟಿ ಅನ್ನುವ ಆಡಿಯೊ ತಂತ್ರಾಂಶ ಹಾಕಿಕೊಳ್ಳಿ, ಅದು ಉಚಿತ. 'ಎಫೆಕ್ಟ್' ಪಟ್ಟಿಯಲ್ಲಿ 'ಚೇಂಜ್ ಪಿಚ್' ಆರಿಸಿ, ಸೆಮಿಟೋನ್ (ಒಂದು ಮನೆ ಅಂದರೆ ಒಂದು ಸೆಮಿಟೋನ್) ಜಾಗದಲ್ಲಿ ಸಂಖ್ಯೆ ಕೊಡಿ. 'ಚೇಂಜ್ ಸ್ಪೀಡ್' ಒತ್ತಬೇಡಿ, ಅದು ಶ್ರುತಿಯ ಜೊತೆ ವೇಗವನ್ನೂ ಬದಲಿಸುತ್ತದೆ. ಮೂರು ನಾಲ್ಕು ಮನೆಯವರೆಗೆ ಇಳಿಸಿದರೆ ಟ್ರ್ಯಾಕ್ ಕೇಳುವಂತಿರುತ್ತದೆ. ಇನ್ನೂ ಇಳಿಸಿದರೆ ತಬಲ ಸಡಿಲವಾದಂತೆ, ಪಿಟೀಲು ಕೆಟ್ಟಂತೆ ಕೇಳುತ್ತದೆ.

ಗಂಡಸರ ಹಾಡನ್ನು ಹೆಂಗಸರು ಹಾಡುವಾಗ ಗೊಂದಲ ಆಗುತ್ತದೆ. ಅವರು ಒಂದು ಸ್ಥಾಯಿ ಮೇಲೆ ಹಾಡುತ್ತಾರೆ, ಆಗ ಅದು ವಿಪರೀತ ಎತ್ತರ ಆಗುತ್ತದೆ. ಟ್ರ್ಯಾಕನ್ನು ನಾಲ್ಕೈದು ಮನೆ ಇಳಿಸಬೇಕಾಗಿ ಬರುತ್ತದೆ. ಹೆಂಗಸರ ಹಾಡನ್ನು ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡುವಾಗ ಉಲ್ಟಾ: ಟ್ರ್ಯಾಕನ್ನು ನಾಲ್ಕೈದು ಮನೆ ಏರಿಸಬೇಕು. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಹೆಂಗಸರ ಹಾಡು ಅಂದರೆ ಇಳಿಸಬೇಕು ಅಂತಲೇ ಹೊರಟು ಹಾಡನ್ನು ಪಾತಾಳಕ್ಕೆ ಕಳಿಸುತ್ತಾರೆ. ಇಷ್ಟು ಬದಲಿಸಿದಾಗ ಟ್ರ್ಯಾಕಿನ ಗುಣ ಕೆಡುವುದು ಖಚಿತ, ಹಾಗಾಗಿ 'ಫೀಮೇಲ್ ವರ್ಶನ್', 'ಮೇಲ್ ಸ್ಕೇಲ್' ಅಂತ ಬೇರೆಯಾಗಿಯೇ ನುಡಿಸಿದ ಟ್ರ್ಯಾಕ್ ಸಿಗುತ್ತಾ ಅಂತ ಮೊದಲು ಹುಡುಕಿ.

ಯುಗಳಗೀತೆಯಲ್ಲಿ ಇಬ್ಬರ ಗಂಟಲೂ ಲೆಕ್ಕಕ್ಕೆ ಬರುತ್ತದೆ. ಒಬ್ಬರಿಗೆ ಇಳಿಸಿದರೆ ಇನ್ನೊಬ್ಬರಿಗೆ ಕೆಳಗೆ ದನಿ ಸಾಲುವುದಿಲ್ಲ. ಒಂದು ಸಲ ಇಬ್ಬರೂ ಕೂತು ಹಾಡಿ ನೋಡದೆ ಯುಗಳಗೀತೆಗೆ ಹೆಸರು ಕೊಡಬೇಡಿ. "ಅಕ್ಕಾ, ನೀವು ಬನ್ನಿ, ಸುಮ್ನೆ ಜೊತೆಗೆ ಹಾಡೋಣ" ಅಂತ ಸ್ಥಳದಲ್ಲೇ ಕರೆಯುವವರು ಇರುತ್ತಾರೆ. ನಗುತ್ತಲೇ ಬೇಡ ಅನ್ನಿ.

ಶ್ರುತಿ ಗೊತ್ತಾದ ಮೇಲೆ ಟ್ರ್ಯಾಕನ್ನು ಫೈಲ್ ಮಾಡಿ ಇಟ್ಟುಕೊಂಡು, ಹಾಡಿನ ಹೆಸರಿನ ಮುಂದೆ 'ಮೈನಸ್ 2' ಅಂತ ಬರೆದಿಡಿ. ಮೊಬೈಲಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು.

ಸಾಹಿತ್ಯವನ್ನು ಕೈಯಿಂದ ಬರೆಯಿರಿ

ಪರದೆ ಮೇಲೆ ಸಾಲು ಬರುತ್ತದಲ್ಲ, ಬರೆಯುವುದು ಯಾಕೆ ಅನ್ನಬಹುದು. ಕನ್ನಡ ಟ್ರ್ಯಾಕ್‌ಗಳಲ್ಲಿ ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲಿ ಇರುವುದೇ ಹೆಚ್ಚು. ಅಲ್ಲಿ 'ಬಳಿ ಬಾ' ಅನ್ನುವುದು 'ಬಲಿ ಬಾ' ಆಗಿಯೂ ಕಾಣುತ್ತದೆ. ಎದೆ ಹೊಡೆದುಕೊಳ್ಳುವಾಗ ಕಣ್ಣು ಕಂಡದ್ದನ್ನೇ ಬಾಯಿ ಹೇಳುತ್ತದೆ. ಇನ್ನೊಂದು, ಪರದೆ ಸಾಲನ್ನು ಅರ್ಧಕ್ಕೆ ಮುರಿದು ತೋರಿಸುತ್ತದೆ. ನೀವೂ ಅಲ್ಲೇ ಉಸಿರು ತೆಗೆದುಕೊಂಡು ಅರ್ಥವನ್ನು ಮುರಿಯುತ್ತೀರಿ.

ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಆಮೇಲೆ ಹಾಡನ್ನು ಕೇಳುತ್ತಾ ಉಸಿರಿನ ಜಾಗಕ್ಕೆ ಒಂದು ಗೀಟು ಹಾಕಿ. ಉದಾಹರಣೆಗೆ 'ಕೆರೆಯ ಏರಿ ಮೇಲೆ ನಿನ್ನ ಹೆಜ್ಜೆ ಸದ್ದು ಕೇಳಿದೆ' ಅಂತ ಒಂದು ಸಾಲು ಇದೆ ಅಂದುಕೊಳ್ಳೋಣ. 'ಮೇಲೆ' ಆದಮೇಲೆ ಉಸಿರು ತೆಗೆದುಕೊಂಡರೆ ಸರಿ. 'ನಿನ್ನ' ಆದಮೇಲೆ ತೆಗೆದುಕೊಂಡರೆ 'ಹೆಜ್ಜೆ' ಯಾರದ್ದೋ ಆಗಿಬಿಡುತ್ತದೆ. ಉದ್ದ ಸಾಲಿನ ಕೊನೆಗೆ ಉಸಿರು ಸಾಲದಿದ್ದರೆ ಕೊನೆಯ ಅಕ್ಷರದ ಎಳೆತವನ್ನು ಕಡಿಮೆ ಮಾಡಿ, ಮುಂದಿನ ಸಾಲಿನ ಎತ್ತುಗಡೆಗೆ ಉಸಿರು ಉಳಿಸಿ. ಎಳೆತ ಮೊಟಕಾಗಿದ್ದನ್ನು ಯಾರೂ ಗಮನಿಸುವುದಿಲ್ಲ, ಎತ್ತುಗಡೆ ತಪ್ಪಿದ್ದನ್ನು ಎಲ್ಲರೂ ಗಮನಿಸುತ್ತಾರೆ.

ಅದೇ ಹಾಳೆಯಲ್ಲಿ ಪ್ರತಿ ಚರಣದ ಮುಂದೆ, ಯಾವ ವಾದ್ಯ ಮುಗಿದ ಮೇಲೆ ಎತ್ತಿಕೊಳ್ಳಬೇಕು ಅಂತ ಬರೆಯಿರಿ: 'ಕೊಳಲು ಇಳಿದ ಮೇಲೆ ನಾಲ್ಕು ಎಣಿಕೆ, ಆಮೇಲೆ ಎತ್ತು' ಅಂತ. ಎಂಟು ಮಾತ್ರೆಯ (ತಾಳದ ಎಂಟು ಎಣಿಕೆಯ) ಕೆಹರ್ವಾ ನಡೆಯ ಹಾಡಾದರೆ ಬೆರಳಲ್ಲಿ ಎಣಿಸುವುದು ಸುಲಭ. ಆರು ಮಾತ್ರೆಯ ದಾದ್ರಾ ನಡೆಯಲ್ಲಿ ಸ್ವಲ್ಪ ಎಚ್ಚರ ಬೇಕು, ನಾಲ್ಕರ ಎಣಿಕೆ ಅಲ್ಲಿ ಹೊಂದುವುದಿಲ್ಲ.

ಬಾಯಿಪಾಠಕ್ಕೆ ಒಳ್ಳೆ ಜಾಗ ಕುಂದವಾಡ ಕೆರೆಯ ಏರಿ. ಬೆಳಿಗ್ಗೆ ನಡೆಯುತ್ತಾ ಸಾಹಿತ್ಯವನ್ನು ರಾಗ ಇಲ್ಲದೆ, ಬರೀ ಮಾತಿನ ಹಾಗೆ ಹೇಳಿಕೊಳ್ಳಿ. ರಾಗ ಇಲ್ಲದೆ ನೆನಪಿಗೆ ಬಂದ ಸಾಲು ರಾಗದ ಜೊತೆ ತಪ್ಪುವುದು ಕಡಿಮೆ.

ಅಭ್ಯಾಸ

ಎರಡು ವಾರ ಸಿಕ್ಕರೆ ಸಾಕು. ದಿನಾ ಅರ್ಧ ಗಂಟೆ ಕೊಡಿ. ಒಂದೇ ದಿನ ಮೂರು ಗಂಟೆ ಹಾಡಿ ಮರುದಿನ ಗಂಟಲು ಕಟ್ಟಿಸಿಕೊಳ್ಳುವುದು ಬೇಡ.

ಮೊದಲ ಕೆಲವು ದಿನ ಮೂಲ ಹಾಡನ್ನು ಕೇಳಿ, ಹಾಡಬೇಡಿ. ಆಮೇಲೆ ಮೂಲದ ಜೊತೆ ಹಾಡಿ. ಕಷ್ಟದ ಸಾಲು ಸಿಕ್ಕಾಗ ಯೂಟ್ಯೂಬಿನ ವೇಗವನ್ನು 0.75ಕ್ಕೆ ಇಳಿಸಿ, ಶ್ರುತಿ ಹಾಗೇ ಇದ್ದು ಚಲನೆ ಮಾತ್ರ ನಿಧಾನ ಆಗುತ್ತದೆ. ಆ ಒಂದು ಸಾಲನ್ನೇ ಮತ್ತೆ ಮತ್ತೆ ಹಾಡಿ. ಇಡೀ ಹಾಡನ್ನು ಮೊದಲಿಂದ ಹಾಡುತ್ತಾ ಕೂತರೆ ಚೆನ್ನಾಗಿ ಬರುವ ಭಾಗವೇ ಇನ್ನಷ್ಟು ಚೆನ್ನಾಗುತ್ತದೆ, ಕೆಟ್ಟ ಸಾಲು ಕೆಟ್ಟದ್ದಾಗಿಯೇ ಉಳಿಯುತ್ತದೆ. ಸಾಲು ಕೂತ ಮೇಲೆ ಟ್ರ್ಯಾಕಿಗೆ ಬನ್ನಿ.

ಟ್ರ್ಯಾಕ್ ಜೊತೆ ಅಭ್ಯಾಸಕ್ಕೆ ವೈರ್ ಇರುವ ಇಯರ್‌ಫೋನ್ ಬಳಸಿ. ಬ್ಲೂಟೂತ್‌ನಲ್ಲಿ ಶಬ್ದ ಕಿವಿಗೆ ಸ್ವಲ್ಪ ತಡವಾಗಿ ಬರುತ್ತದೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಕಾಲು ಸೆಕೆಂಡಿನವರೆಗೂ. ಅದನ್ನು ಹಾಕಿಕೊಂಡು ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿದರೆ ನಿಮ್ಮ ದನಿ ತಾಳಕ್ಕಿಂತ ಹಿಂದೆ ಬೀಳುತ್ತದೆ. ತಪ್ಪು ನಿಮ್ಮದಲ್ಲದಿದ್ದರೂ ನನಗೆ ತಾಳವೇ ಇಲ್ಲ ಅಂತ ಅನ್ನಿಸಿಬಿಡುತ್ತದೆ.

ರೆಕಾರ್ಡ್ ಮಾಡಿ ಕೇಳುವುದು ಮಾತ್ರ ತಪ್ಪಿಸಬೇಡಿ. ಮೊದಲ ಸಲ ಎಲ್ಲರಿಗೂ ಮುಜುಗರ. ನಮ್ಮ ದನಿ ನಮಗೆ ಗಾಳಿಯ ಜೊತೆಗೆ ತಲೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಹಾಗಾಗಿ ದಪ್ಪವಾಗಿ ಕೇಳುತ್ತದೆ. ರೆಕಾರ್ಡಿನಲ್ಲಿ ಅದು ಇರುವುದಿಲ್ಲ. ತೆಳ್ಳಗೆ ಕೇಳುವ ಆ ದನಿಯನ್ನೇ ಜನ ಯಾವಾಗಲೂ ಕೇಳುತ್ತಿರುವುದು, ಅವರಿಗೆ ಅದರ ಬಗ್ಗೆ ತಕರಾರಿಲ್ಲ. ಮಾಡಿದ ತಕ್ಷಣ ಕೇಳದೆ ಮರುದಿನ ಕೇಳಿ. ಮೂರನ್ನು ನೋಡಿ: ಸಾಲಿನ ಕೊನೆಯಲ್ಲಿ ಶ್ರುತಿ ಕೆಳಗೆ ಜಾರುತ್ತಿದೆಯಾ, ಎತ್ತುಗಡೆ ತಡವಾಗುತ್ತಿದೆಯಾ, ಮಾತು ಅರ್ಥವಾಗುತ್ತಿದೆಯಾ. ದನಿ ಇಂಪಾಗಿದೆಯಾ ಅನ್ನುವ ಪ್ರಶ್ನೆ ಬಿಟ್ಟುಬಿಡಿ.

ಮನೆಯಲ್ಲಿ ಜನ ಇದ್ದು ಸಂಕೋಚ ಆದರೆ ನಿಂತ ಕಾರಿನೊಳಗೆ ಕೂತು ಹಾಡಿ. ಹೊರಗೆ ಕೇಳುವುದು ಕಡಿಮೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೇಡ. ಕೊನೆಯ ಎರಡು ದಿನ ನಿಂತುಕೊಂಡೇ, ಕೈಯಲ್ಲಿ ಚಮಚವನ್ನೋ ಟಾರ್ಚನ್ನೋ ಮೈಕಿನ ಹಾಗೆ ಹಿಡಿದು ಹಾಡಿ. ಕೂತು ಹಾಡಿದ ಉಸಿರೇ ಬೇರೆ, ನಿಂತು ಹಾಡುವ ಉಸಿರೇ ಬೇರೆ.

ಗಂಟಲು ಮತ್ತು ಹೊಟ್ಟೆ

ನೀರು ಕುಡಿಯುವುದು ಬೆಳಿಗ್ಗೆಯಿಂದಲೇ ಶುರುವಾಗಬೇಕು. ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆ, ದನಿ ಹುಟ್ಟುವ ತಂತುಗಳನ್ನು ನೇರವಾಗಿ ತಾಕುವುದಿಲ್ಲ. ಮೈಗೆಲ್ಲ ನೀರು ಹತ್ತಿದ ಮೇಲೆಯೇ ಅವೂ ಒದ್ದೆಯಾಗಿರುವುದು. ಹಾಡುವ ಎರಡು ನಿಮಿಷ ಮೊದಲು ಗಟಗಟ ಕುಡಿದರೆ ಬಾಯಿ ಒಣಗುವುದು ನಿಲ್ಲುತ್ತದೆ, ಅಷ್ಟೇ. ಜೇನುತುಪ್ಪ, ಶುಂಠಿ ಕಷಾಯವೂ ಹಾಗೇ, ಗಂಟಲಿಗೆ ಹಿತ. ಅದರಿಂದ ದನಿ ಏರುವುದಿಲ್ಲ. ಬಿಸಿನೀರಿನ ಹಬೆ ತೆಗೆದುಕೊಂಡರೆ ಅದು ದನಿಪೆಟ್ಟಿಗೆಯವರೆಗೂ ಹೋಗುತ್ತದೆ. ಬೇಸಿಗೆಯ ಧೂಳಿನಲ್ಲಿ, ಎಸಿ ಹಾಲ್‌ನಲ್ಲಿ ಹಾಡುವವರಿಗೆ ಒಳ್ಳೆಯದು.

ಈಗ ಕಷ್ಟದ ಮಾತು. ಕರೋಕೆ ಸಂಜೆ ಅಂದರೆ ಗೆಳೆಯರೆಲ್ಲ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಸೇರಿ ಮಂಡಕ್ಕಿ ಮಿರ್ಚಿ ತಿಂದೇ ಹೊರಡುವುದು. ಹಾಡುವ ಮೊದಲು ಅದು ಬೇಡ. ಮಂಡಕ್ಕಿಯ ಪುಡಿ ಗಂಟಲಲ್ಲಿ ಕೂತು ಕೆಮ್ಮು ತರುತ್ತದೆ. ಮಿರ್ಚಿಯ ಖಾರ, ಎಣ್ಣೆ ಹುಳಿತೇಗು ತಂದರೆ ಗಂಟಲು ಉರಿಯುತ್ತದೆ. ಬೆಣ್ಣೆ ದೋಸೆಯೂ ಎರಡು ಮೂರು ಗಂಟೆ ಮೊದಲೇ ಮುಗಿದಿರಲಿ. ತುಂಬಿದ ಹೊಟ್ಟೆ ಉಸಿರಿಗೆ ಜಾಗ ಕೊಡುವುದಿಲ್ಲ. ಹಾಡಿ ಇಳಿದ ಮೇಲೆ ಎಷ್ಟಾದರೂ ತಿನ್ನಿ, ಯಾರು ಬೇಡ ಅಂತಾರೆ?

ಹೊರಡುವ ಮೊದಲು ಹತ್ತು ಹದಿನೈದು ನಿಮಿಷ ಗಂಟಲು ಬೆಚ್ಚಗೆ ಮಾಡಿಕೊಳ್ಳಿ. ಬಾಯಿ ಮುಚ್ಚಿ 'ಮ್' ಅಂತ ಗುನುಗಿ. ತುಟಿ ಸಡಿಲ ಬಿಟ್ಟು 'ಬ್ರ್ರ್ರ್' ಅಂತ ನಡುಗಿಸುತ್ತಾ ಸರಿಗಮ ಹತ್ತಿ ಇಳಿಯಿರಿ. ಅರ್ಧ ಲೋಟ ನೀರಿಗೆ ಸ್ಟ್ರಾ ಹಾಕಿ ಗುಳ್ಳೆ ಎಬ್ಬಿಸುತ್ತಾ ದನಿ ತೆಗೆಯುವುದು ಇನ್ನೂ ಒಳ್ಳೆಯದು, ಗಂಟಲಿಗೆ ಒತ್ತಡ ಬೀಳದೆ ದನಿ ತೆರೆದುಕೊಳ್ಳುತ್ತದೆ. ಪಿಸುಗುಡುವುದು ಗಂಟಲಿಗೆ ವಿಶ್ರಾಂತಿ ಅಂತ ಕೆಲವರು ನಂಬಿದ್ದಾರೆ, ಅದೂ ಆಯಾಸವೇ. ಸುಮ್ಮನಿರುವುದೇ ವಿಶ್ರಾಂತಿ. ದನಿ ಒಡೆದು ಮೂರು ವಾರ ದಾಟಿದರೂ ಸರಿಹೋಗದಿದ್ದರೆ ಕಷಾಯ ಬಿಟ್ಟು ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಮೈಕು

ಮೈಕನ್ನು ಹಿಡಿಯಲ್ಲಿ ಹಿಡಿಯಿರಿ, ತಲೆಯ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಬೇಡಿ. ರ‍್ಯಾಪ್ ಹಾಡುವವರನ್ನು ನೋಡಿ ಕಲಿತ ಈ ಹಿಡಿತದಿಂದ ದನಿ ಮಂಕಾಗುತ್ತದೆ, 'ಕೂಂಯ್' ಅನ್ನುವ ಕೂಗೂ ಬೇಗ ಶುರುವಾಗುತ್ತದೆ. ಬಾಯಿಗೂ ಮೈಕಿಗೂ ಎರಡರಿಂದ ನಾಲ್ಕು ಬೆರಳಿನ ಅಂತರ ಇರಲಿ. ಮಂದ್ರದ ಸಾಲಿಗೆ ಹತ್ತಿರ, ತಾರಕ್ಕೆ (ಎತ್ತರದ ದನಿಗೆ) ಹೋಗುವಾಗ ಒಂದು ಗೇಣಿನವರೆಗೂ ದೂರ. ತುಂಬಾ ಹತ್ತಿರ ಹಿಡಿದರೆ ದನಿಯಲ್ಲಿ ಗುಂಯ್ ಅನ್ನುವ ದಪ್ಪ ಸೇರಿಕೊಳ್ಳುತ್ತದೆ. 'ಪ', 'ಭ' ಬಂದಾಗ ಗಾಳಿ ಡಬ್ ಅಂತ ಹೊಡೆದರೆ ಮೈಕನ್ನು ಬಾಯಿಯ ಎದುರಿನಿಂದ ಸ್ವಲ್ಪ ಓರೆಗೆ ತಿರುಗಿಸಿ.

ಸ್ಪೀಕರಿನ ಮುಂದೆ ನಿಲ್ಲಬೇಡಿ, ಅದರ ಹಿಂದೆ ಅಥವಾ ಪಕ್ಕಕ್ಕೆ ಇರಿ. ಹಾಡು ಮುಗಿಸಿ ಮೈಕನ್ನು ಕೆಳಗೆ ಇಳಿಸುವಾಗ ಅದು ಸ್ಪೀಕರಿನ ಕಡೆ ತಿರುಗದಂತೆ ನೋಡಿಕೊಳ್ಳಿ.

ಎಕೋ ಬಗ್ಗೆ ಒಂದು ಮಾತು. ಮೈಕ್‌ಸೆಟ್‌ನವರು ಎಲ್ಲರಿಗೂ ಎಕೋ ತುಂಬಿ ಕೊಡುತ್ತಾರೆ, ಹಾಡುವವರಿಗೂ ಖುಷಿ. ಆದರೆ ಮಾತುಗಳು ಒಂದರ ಮೇಲೊಂದು ಬಿದ್ದು ಸಾಹಿತ್ಯ ಯಾರಿಗೂ ತಿಳಿಯುವುದಿಲ್ಲ. "ಅಣ್ಣಾ, ಎಕೋ ಒಂಚೂರು ಕಮ್ಮಿ ಮಾಡ್ರಿ, ಟ್ರ್ಯಾಕು ಸ್ವಲ್ಪ ಇಳಿಸ್ರಿ" ಅಂತ ಮೊದಲೇ ಹೇಳಿ. ಮೈಕಿನಲ್ಲಿ ಹೇಳಬೇಡಿ, ಹತ್ತಿರ ಹೋಗಿ ಹೇಳಿ. ಸ್ಟೇಜಿನ ಮೇಲಿಂದ ಗದರಿಸಿಕೊಂಡ ಮೈಕ್‌ಸೆಟ್‌ನವರು ನಿಮ್ಮ ಹಾಡಿಗೆ ಮನಸ್ಸು ಕೊಡುತ್ತಾರಾ? ನಿಮ್ಮ ದನಿ ನಿಮಗೇ ಕೇಳದಷ್ಟು ಗದ್ದಲ ಇದ್ದರೆ ಒಂದು ಕಿವಿಯ ಹಿಂದೆ ಅಂಗೈ ಬಾಗಿಸಿ ಹಿಡಿಯಿರಿ.

ಆ ಸಂಜೆ

ಅರ್ಧ ಗಂಟೆ ಮೊದಲೇ ಹೋಗಿ. ನಿಮ್ಮ ಮೊಬೈಲಿನಿಂದಲೇ ಟ್ರ್ಯಾಕ್ ಹಾಕುವುದಾದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ಬೇಕಿದ್ದರೆ ಬ್ಲೂಟೂತ್ ಮಾತ್ರ ಆನ್ ಮಾಡಿ. ಎರಡನೇ ಚರಣದಲ್ಲಿ ಫೋನ್ ಬಂದರೆ ಟ್ರ್ಯಾಕ್ ನಿಂತು ರಿಂಗ್‌ಟೋನ್ ಇಡೀ ಬೀದಿಗೆ ಕೇಳುತ್ತದೆ. ಯೂಟ್ಯೂಬಿನಿಂದ ನೇರವಾಗಿ ಹಾಕಿದರೆ ನಡುವೆ ಜಾಹೀರಾತು ಬರುವ ಅಪಾಯ ಬೇರೆ. ಪರದೆ ತಾನಾಗಿ ಆರಿಹೋಗದಂತೆ ಸೆಟ್ಟಿಂಗ್ ಬದಲಿಸಿ. ಟ್ರ್ಯಾಕಿನ ಮೊದಲ ಹತ್ತು ಸೆಕೆಂಡ್ ಹಾಕಿಸಿ ಕೇಳಿ, ಶ್ರುತಿ ಬದಲಿಸಿದ ಫೈಲೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ.

ಟೆರೇಸ್, ಪೆಂಡಾಲು, ಬಯಲು ಆದರೆ ರಾತ್ರಿ 10ಕ್ಕೆ ಮೈಕು ನಿಲ್ಲಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಇದೆ. 'ಕೊನೆಗೆ ಹಾಡ್ತೀನಿ' ಅಂತ ದೊಡ್ಡತನ ತೋರಿಸಿದವರ ಸರದಿ ಬರುವ ಹೊತ್ತಿಗೆ ವೈರ್ ಸುತ್ತುತ್ತಿರುತ್ತಾರೆ. ಮೂರನೆಯದೋ ನಾಲ್ಕನೆಯದೋ ಜಾಗ ಕೇಳಿ. ಆಗ ಸೌಂಡ್ ಹೊಂದಿರುತ್ತದೆ, ಜನ ಇನ್ನೂ ಊಟಕ್ಕೆ ಎದ್ದಿರುವುದಿಲ್ಲ. ನಿಮಗಿಂತ ಮುಂಚೆ ಹಾಡಿದವರು ಭರ್ಜರಿ ಹಾಡಿದರೆ ಅದೇ ಬಗೆಯ ಹಾಡು ಎತ್ತಬೇಡಿ. ಎರಡನೆಯ ಹಾಡು ಕಲಿತದ್ದು ಇದಕ್ಕೇ.

ಮೈಕ್ ಸಿಕ್ಕ ಮೇಲೆ "ಗಂಟಲು ಸರಿ ಇಲ್ಲ, ತಪ್ಪಾದರೆ ಕ್ಷಮಿಸಿ" ಅನ್ನಬೇಡಿ. ಹಾಗಂದ ಮೇಲೆ ಜನ ತಪ್ಪನ್ನೇ ಹುಡುಕುತ್ತಾರೆ. ಫೂ ಅಂತ ಊದುವುದೂ, ಬೆರಳಲ್ಲಿ ತಟ್ಟುವುದೂ ಬೇಡ. 'ನಮಸ್ಕಾರ' ಅನ್ನಿ, ಮೈಕ್ ಕೆಲಸ ಮಾಡುತ್ತಿದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ.

ಹಾಡಿನ ನಡುವೆ ದಾರಿ ತಪ್ಪಿದರೆ ಟ್ರ್ಯಾಕನ್ನು ಮಾತ್ರ ನಿಲ್ಲಿಸಬೇಡಿ. ಸಾಹಿತ್ಯ ಮರೆತರೆ 'ಲಾಲಾ' ಅಂತ ರಾಗ ಹಿಡಿದುಕೊಂಡು ಹೋಗಿ. ತಾಳ ತಪ್ಪಿದರೆ ಒಂದು ಸಾಲು ಬಿಟ್ಟು ಮುಂದಿನ ಸಾಲಿಗೆ ಸೇರಿಕೊಳ್ಳಿ. ಪಲ್ಲವಿಗೆ ಬಂದ ಕೂಡಲೇ ಮೈಕನ್ನು ಜನರ ಕಡೆ ಚಾಚಿದರೆ ಅವರೇ ಹಾಡುತ್ತಾರೆ, ನಿಮಗೆ ಉಸಿರಾಡಲು ಎರಡು ಸಾಲು ಸಿಗುತ್ತದೆ. ಬಿಜಿಎಂ ಹೊತ್ತಿನಲ್ಲಿ ಪರದೆಯನ್ನೇ ದಿಟ್ಟಿಸಬೇಡಿ. ತಲೆ ಎತ್ತಿ, ಪರಿಚಯದ ಮುಖ ನೋಡಿ ನಕ್ಕು, ಒಳಗೊಳಗೇ ಎಣಿಕೆ ಮುಂದುವರಿಸಿ.

ಮನೆಗೆ ಬಂದು ಮಲಗುವ ಮೊದಲು ಆ ಸಾಹಿತ್ಯದ ಹಾಳೆಯ ಮೂಲೆಯಲ್ಲಿ ಎರಡು ಸಾಲು ಬರೆದಿಡಿ: ಈ ಶ್ರುತಿ ಸರಿ ಹೋಯಿತಾ, ಇನ್ನೊಂದು ಮನೆ ಇಳಿಸಬೇಕಾ ಏರಿಸಬೇಕಾ, ಯಾವ ಸಾಲಿನಲ್ಲಿ ಉಸಿರು ಸಾಲಲಿಲ್ಲ. ಹಾಳೆಯನ್ನು ಫೈಲಿಗೆ ಸೇರಿಸಿ. ಇನ್ನೊಂದು ಗಣಪತಿ ಬರುವ ಹೊತ್ತಿಗೆ ಅಂಥ ಹತ್ತು ಹಾಳೆ ಆಗಿದ್ದರೆ ಯಾರು ಯಾವಾಗ ಕರೆದರೂ ಹಾಡು ಹುಡುಕುವ ಪರದಾಟ ಇರುವುದಿಲ್ಲ.